ಖಾಕಿ ತೊಡುವ ಮುನ್ನ ಮೂಡುವ ಶಂಕೆ

ಮುಂಬಯಿಯ ಪಶ್ಚಿಮ ಉಪನಗರಗಳ ಹೆಬ್ಬಾಗಿಲೆನಿಸಿದ ಬಾಂದ್ರಾದಲ್ಲಿ ಪೊಲೀಸನ ದರ್ಶನವಾಗದೆ ಯಾರ ದಿನವೂ ಕಳೆಯುವುದಿಲ್ಲ. ಸೆಪ್ಟೆಂಬರ್ ತಿಂಗಳಿನಲ್ಲಿ ಮೌಂಟ್ ಮೇರಿ ಜಾತ್ರೆ, ಅದರ ಆಸುಪಾಸಿನಲ್ಲಿಯೇ ಬರುವ ಗಣೇಶ ವಿಸರ್ಜನೆ, ಬ್ಯಾಂಡ್‌ಸ್ಟ್ಯಾಂಡಿನ ಚಿತ್ರತಾರೆಯರ ಮನೆಗಳ ಮುಂದೆ ನೆರೆಯುವ ಜನಜಂಗುಳಿ, 2009ರಿಂದ ಸಮುದ್ರ ಸೇತುವೆಯತ್ತ ಹರಿಯುತ್ತಿರುವ ವಾಹನಗಳ ಪ್ರವಾಹ, ಪೂರ್ವದಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳು. ಇವೆಲ್ಲಕ್ಕೂ ಬಂದೋಬಸ್ತು ಬೇಕು. ಬಂದೋಬಸ್ತೆಂದರೆ ಗಂಟೆಗಟ್ಟಲೆ ನಿಂತಿರುವ ಮನುಷ್ಯರೇ ಹೊರತು ಬೇರೇನೂ ಅಲ್ಲ. ಇಂತಹ ಊರಿನಲ್ಲಿ ಬೆಳೆದ ಕನ್ನಡ ಮನೆಯ ತರುಣನೋ ತರುಣಿಯೋ ‘ಪೊಲೀಸ್ ಖಾತೆಗೆ ಸೇರುತ್ತೇನೆ’ ಎಂದಾಗ ಮನೆಯಲ್ಲಿ ಒಂದು ಕ್ಷಣ ಮೌನ ಆವರಿಸುವುದುಂಟು. ಕೆಲವು ತಿಂಗಳ ನಂತರ ಅದೇ ಮಗುವಿನ ಮನಸ್ಸಿನಲ್ಲಿಯೂ ‘ಇದು ನನ್ನಿಂದಾಗುವ ಕೆಲಸವೇ?’ ಎಂಬ ಶಂಕೆ ತಲೆದೋರುತ್ತದೆ. ಈ ಶಂಕೆಯನ್ನು ಹೇಡಿತನವೆಂದು ಹಳಿಯುವುದಾಗಲಿ, ‘ಎಲ್ಲ ಸರಿಹೋಗುತ್ತದೆ’ ಎಂದು ತಟ್ಟಿ ಮಲಗಿಸುವುದಾಗಲಿ ತರವಲ್ಲ. ಅದರೊಳಗೆ ಏನಿದೆಯೆಂದು ಬಿಡಿಸಿ ನೋಡುವುದೇ ಮೇಲು.

ಮನೆಯ ಹಿರಿಯರ ಮೌನಕ್ಕೆ ಕಾರಣವಿಲ್ಲದಿಲ್ಲ. ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲು ನಡೆಸಿದ ತಲೆಮಾರು ಪೊಲೀಸನನ್ನು ಕಂಡದ್ದು ಬಹುಮಟ್ಟಿಗೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ. ಪರವಾನಗಿ, ಬಾಗಿಲು ಹಾಕುವ ವೇಳೆ, ಗಿರಾಕಿಗಳ ಜಗಳ ಎಂದು ಠಾಣೆಯ ಮೆಟ್ಟಿಲು ಹತ್ತಿಳಿದವರಿಗೆ ಆ ಉಡುಪಿನ ಬಗ್ಗೆ ಗೌರವಕ್ಕಿಂತ ಎಚ್ಚರಿಕೆಯೇ ಹೆಚ್ಚು. ಇನ್ನು 1992-93ರ ಗಲಭೆಗಳ ದಿನಗಳನ್ನು ಬಾಂದ್ರಾ ಪೂರ್ವದಲ್ಲಿ ಕಳೆದವರಿಗೆ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗವು 1998ರಲ್ಲಿ ಸಲ್ಲಿಸಿದ ವರದಿಯೂ, ಅದರಲ್ಲಿ ಪೊಲೀಸರ ನಡವಳಿಕೆಯ ಬಗ್ಗೆ ಬಂದ ಕಟುವಾದ ಮಾತುಗಳೂ ಮರೆತಿಲ್ಲ. ಹಾಗೆಯೇ 2008ರ ನವೆಂಬರ್ 26ರ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಕೈಯಲ್ಲಿ ಲಾಠಿಯೊಂದನ್ನೇ ಹಿಡಿದು, ಬಂದೂಕುಧಾರಿಯನ್ನು ಅಪ್ಪಿ ಹಿಡಿದು ಪ್ರಾಣ ತೆತ್ತ ತುಕಾರಾಮ್ ಓಂಬಳೆಯವರನ್ನೂ ಈ ನಗರ ಮರೆತಿಲ್ಲ. ಮಹಾರಾಷ್ಟ್ರ ಪೊಲೀಸರ ಧ್ಯೇಯವಾಕ್ಯ ‘ಸದ್ರಕ್ಷಣಾಯ ಖಲನಿಗ್ರಹಣಾಯ’ ಎಂದು. ಆ ಎರಡು ಪದಗಳ ನಡುವೆ ಎಷ್ಟು ಬಗೆಯ ಮನುಷ್ಯರಿರುತ್ತಾರೆಂಬುದನ್ನು ಬಲ್ಲವರೇ ಮಗನನ್ನು ಕಳುಹಿಸಲು ಹಿಂಜರಿಯುತ್ತಾರೆ.

ಮುಂಬಯಿ ಕನ್ನಡಿಗರ ಮಾತಿನಲ್ಲಿ ಪೊಲೀಸ್ ಎಂದೊಡನೆ ಬರುವ ಹೆಸರು ದಯಾ ನಾಯಕ್ ಅವರದು. ಕಾರ್ಕಳ ತಾಲೂಕಿನ ಎಣ್ಣೆಹೊಳೆಯಿಂದ ಬಾಲಕನಾಗಿ ಬಂದು, ಹೋಟೆಲಿನಲ್ಲಿ ದುಡಿಯುತ್ತಲೇ ಓದಿ ಪದವಿ ಪಡೆದು, 1995ರಲ್ಲಿ ಸಬ್ ಇನ್ಸ್‌ಪೆಕ್ಟರಾದವರು. ಅವರ ಜೀವನವನ್ನು ಕತೆಯಂತೆ ಹೇಳುವವರು ಸಾಮಾನ್ಯವಾಗಿ ಮೊದಲರ್ಧವನ್ನಷ್ಟೇ ಹೇಳುತ್ತಾರೆ. ಎನ್‌ಕೌಂಟರುಗಳ ಖ್ಯಾತಿಯ ನಂತರ ಆದಾಯ ಮೀರಿದ ಆಸ್ತಿಯ ಆರೋಪದಲ್ಲಿ 2006ರಲ್ಲಿ ಬಂಧನಕ್ಕೊಳಗಾದದ್ದು, ವರ್ಷಗಟ್ಟಲೆ ಅಮಾನತಿನಲ್ಲಿದ್ದು 2012ರಲ್ಲಿ ಮರಳಿ ಸೇವೆಗೆ ಬಂದದ್ದು, 2015ರಲ್ಲಿ ವರ್ಗಾವಣೆಯ ಪ್ರಸಂಗದಲ್ಲಿ ಮತ್ತೆ ಅಮಾನತುಗೊಂಡದ್ದು, ಕೊನೆಯ ವರ್ಷಗಳಲ್ಲಿ ಬಾಂದ್ರಾದ ಅಪರಾಧ ಶಾಖೆಯ ಘಟಕದಲ್ಲಿ ಕೆಲಸ ಮಾಡಿ 2025ರ ಜುಲೈಯಲ್ಲಿ ನಿವೃತ್ತರಾದದ್ದು ಇವೆಲ್ಲ ಕತೆಯ ಉಳಿದ ಭಾಗ. ಎನ್‌ಕೌಂಟರ್ ಎಂಬ ಪದ್ಧತಿಯ ನ್ಯಾಯಾನ್ಯಾಯದ ಚರ್ಚೆ ಬೇರೆ. ಉದ್ಯೋಗಾಕಾಂಕ್ಷಿಯು ಇಲ್ಲಿ ಗಮನಿಸಬೇಕಾದದ್ದು ಇಷ್ಟೆ: ಪ್ರಸಿದ್ಧಿಯ ದಾರಿಯಲ್ಲಿ ನಡೆದವರಿಗೂ ಸೇವೆಯ ಒಂದು ದೀರ್ಘಭಾಗ ಕಾಯುವಿಕೆಯಲ್ಲಿ ಕಳೆಯಿತು. ಸಿನಿಮಾ ನೋಡಿ ಅರ್ಜಿ ಹಾಕುವವನು ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕವೆಂದಾಗ ಮೊದಲು ಪ್ರವೇಶದ ಲೆಕ್ಕ. ಬಾಗಿಲುಗಳು ಮೂರು. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಶಿಪಾಯಿ ಹುದ್ದೆ. ಸಾಮಾನ್ಯ ವರ್ಗಕ್ಕೆ 18ರಿಂದ 28 ವರ್ಷ. ಗಂಡಸರಿಗೆ 165, ಹೆಂಗಸರಿಗೆ 155 ಸೆಂಟಿಮೀಟರ್ ಎತ್ತರ. 50 ಅಂಕಗಳ ದೈಹಿಕ ಪರೀಕ್ಷೆ, 100 ಅಂಕಗಳ ಲಿಖಿತ ಪರೀಕ್ಷೆ. ಪದವೀಧರರಿಗೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಮೂಲಕ ಸಬ್ ಇನ್ಸ್‌ಪೆಕ್ಟರ್ ಹುದ್ದೆ. ಈ ಹುದ್ದೆಗಳಲ್ಲಿ ಅರ್ಧದಷ್ಟು ಮಾತ್ರ ನೇರ ನೇಮಕಾತಿಗೆ, ಉಳಿದವು ಒಳಗಿರುವವರಿಗೆ ಬಡ್ತಿಯಿಂದ ಅಥವಾ ಇಲಾಖಾ ಪರೀಕ್ಷೆಯಿಂದ. ಮೂರನೆಯದು ಕೇಂದ್ರ ಲೋಕಸೇವಾ ಆಯೋಗದ ಐ.ಪಿ.ಎಸ್., ವರ್ಷಕ್ಕೆ ಸುಮಾರು 150ರಿಂದ 200 ಮಂದಿಗೆ ಮಾತ್ರ ತೆರೆಯುವ ಕಿಂಡಿ. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಶಿಪಾಯಿಯ ಮೂಲವೇತನ 21,700 ರೂಪಾಯಿಯಿಂದ, ಸಬ್ ಇನ್ಸ್‌ಪೆಕ್ಟರನದು 38,600ರಿಂದ, ಐ.ಪಿ.ಎಸ್. ಅಧಿಕಾರಿಯದು 56,100ರಿಂದ ಆರಂಭವಾಗುತ್ತದೆ, ಭತ್ಯೆಗಳು ಬೇರೆ. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿಯ ಭರವಸೆ ಇಲ್ಲವೆಂಬುದನ್ನು ‘ಸರಕಾರಿ ನೌಕರಿ’ ಎಂದು ಹಿಗ್ಗುವ ಮಾವಂದಿರು ಗಮನಿಸಬೇಕು.

2024ರಲ್ಲಿ ನಡೆದ ಶಿಪಾಯಿ ನೇಮಕಾತಿಯಲ್ಲಿ 17,471 ಹುದ್ದೆಗಳಿಗೆ ಬಂದ ಅರ್ಜಿಗಳು 17 ಲಕ್ಷಕ್ಕೂ ಹೆಚ್ಚು. ಒಂದು ಹುದ್ದೆಗೆ ನೂರು ಮಂದಿಯ ಲೆಕ್ಕ. ಮುಂಬಯಿಯ ಕನ್ನಡ ಮಕ್ಕಳಿಗೆ ಇದರ ಮೇಲೆ ಇನ್ನೆರಡು ತೊಡಕುಗಳು. ಪರೀಕ್ಷೆ ಮರಾಠಿಯಲ್ಲಿ, ಆಡಲು ಬರುವ ಮರಾಠಿಗೂ ಬರೆಯಬೇಕಾದ ಮರಾಠಿಗೂ ಅಜಗಜಾಂತರ. 2020ರ ಕಾಯಿದೆಯಿಂದ ಮರಾಠಿ ಕಲಿಕೆ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾದುದರಿಂದ ಮುಂದಿನ ಪೀಳಿಗೆಗೆ ಈ ಕಷ್ಟ ತಗ್ಗೀತು. ಎರಡನೆಯದು ಜಾತಿ ಪ್ರಮಾಣಪತ್ರ. ಊರಿನಿಂದ ತಂದ ಪತ್ರ ಇಲ್ಲಿಯೂ ನಡೆಯುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1990ರಲ್ಲಿಯೇ, ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನವು ವಲಸೆ ಹೋದವನೊಡನೆ ಇನ್ನೊಂದು ರಾಜ್ಯಕ್ಕೆ ತಾನಾಗಿ ಹೋಗುವುದಿಲ್ಲವೆಂದು ತೀರ್ಪಿತ್ತಿದೆ. ನಾಲ್ಕು ವರ್ಷ ಕೋಚಿಂಗ್ ಕ್ಲಾಸಿಗೆ ಹಣ ಸುರಿದ ಮೇಲೆ ಇದು ತಿಳಿದರೆ ಪ್ರಯೋಜನವೇನು?

ಇನ್ನು ದೇಹದ ಮಾತು. ಶಂಕೆಯಿರುವವರು ಮಾಡಬೇಕಾದ ಮೊದಲ ಕೆಲಸ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು, ಅದೂ ಓದು ಆರಂಭಿಸುವ ಮುನ್ನ. ಕೆಂಪು-ಹಸಿರು ಬಣ್ಣಗಳ ಭೇದ ತಿಳಿಯದ ದೋಷ ಹುಟ್ಟಿನಿಂದ ಬರುವಂಥದು. ತಾಯಿಯ ಮೂಲಕ ಇಳಿಯುವುದರಿಂದ ಗಂಡುಮಕ್ಕಳಲ್ಲಿಯೇ ಹೆಚ್ಚು. ದೈನಂದಿನ ಜೀವನದಲ್ಲಿ ತೊಡಕಾಗದ ಕಾರಣ ಇಪ್ಪತ್ತು ವರ್ಷವಾದರೂ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಷಿಹಾರ ಪುಸ್ತಕದಿಂದ ಕಣ್ಣಿನ ವೈದ್ಯರು ಇದನ್ನು ಐದು ನಿಮಿಷದಲ್ಲಿ ಹೇಳಿಬಿಡಬಲ್ಲರು. ಐ.ಪಿ.ಎಸ್.ಗಂತೂ ಉತ್ತಮ ವರ್ಣದೃಷ್ಟಿ ಅಗತ್ಯ. ಚಪ್ಪಟೆ ಪಾದ, ನಿಂತಾಗ ಒಂದಕ್ಕೊಂದು ತಾಗುವ ಮಂಡಿ, ಕಾಲಿನ ಉಬ್ಬಿದ ರಕ್ತನಾಳ, ರಕ್ತದೊತ್ತಡ ಇವನ್ನೂ ನೋಡಿಸಬೇಕು. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಹಠಾತ್ತನೆ ಹೃದಯ ನಿಂತು ತೀರಿಕೊಂಡವರಿದ್ದರೆ ಓಟದ ಅಭ್ಯಾಸಕ್ಕಿಳಿಯುವ ಮುನ್ನ ಇ.ಸಿ.ಜಿ. ತೆಗೆಸಿ ವೈದ್ಯರ ಅಭಿಪ್ರಾಯ ಕೇಳುವುದು ಕ್ಷೇಮ.

ಓಟದ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. 2014ರ ಜೂನ್ ತಿಂಗಳಿನಲ್ಲಿ ಮುಂಬಯಿ ಪೊಲೀಸ್ ನೇಮಕಾತಿಗಾಗಿ ವಿಕ್ರೋಲಿಯ ಕಡೆ ನಡೆದ 5 ಕಿಲೋಮೀಟರ್ ಓಟದಲ್ಲಿ ಕುಸಿದುಬಿದ್ದ ಅಭ್ಯರ್ಥಿಗಳಲ್ಲಿ ಕೆಲವರು ಅಸುನೀಗಿದರು. ಆ ಬಳಿಕ ದೂರವನ್ನು ಇಳಿಸಲಾಯಿತು. ಈಗ ಶಿಪಾಯಿ ಹುದ್ದೆಯ ಗಂಡಸರಿಗೆ 1600 ಮೀಟರ್, ಹೆಂಗಸರಿಗೆ 800 ಮೀಟರ್. ಮುಂಗಾರಿನ ಮುನ್ನಾ ದಿನಗಳ ಮುಂಬಯಿ ಗಾಳಿಯಲ್ಲಿ ತೇವ ತುಂಬಿರುತ್ತದೆ. ದೇಹ ತಂಪಾಗುವುದು ಬೆವರು ಆರುವುದರಿಂದ. ತೇವದ ಗಾಳಿಯಲ್ಲಿ ಬೆವರು ಹರಿಯುತ್ತದೆಯೇ ವಿನಾ ಆರುವುದಿಲ್ಲ. ಒಳಗಿನ ಉಷ್ಣ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮನುಷ್ಯ ತಡವರಿಸತೊಡಗುತ್ತಾನೆ, ಅಸಂಬದ್ಧ ಮಾತಾಡುತ್ತಾನೆ, ಬೀಳುತ್ತಾನೆ. ಆಗ ಸುತ್ತಲಿನವರು ಮೊದಲು ಮಾಡಬೇಕಾದದ್ದು ನೆರಳಿಗೆ ತಂದು ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿಯುವುದು, ಕಂಕುಳು ಮತ್ತು ಕುತ್ತಿಗೆಗೆ ಮಂಜುಗಡ್ಡೆ ಇಡುವುದು, ಜೊತೆಜೊತೆಗೇ ಆಂಬ್ಯುಲೆನ್ಸ್ ಕರೆಸುವುದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲೇಬಾರದು. ಪರೀಕ್ಷೆಯ ಹಿಂದಿನ ರಾತ್ರಿ ರೈಲು ನಿಲ್ದಾಣದಲ್ಲಿ ಮಲಗಿ, ನಿದ್ದೆಗೆಟ್ಟು, ವಡಾಪಾವ್ ತಿಂದು ಓಡುವವನಿಗೂ, ಎರಡು ವಾರ ಅದೇ ಬಿಸಿಲಿನ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿ ಮೈಯನ್ನು ಪಳಗಿಸಿಕೊಂಡವನಿಗೂ ಇರುವ ಅಂತರ ಅಪಾರ. ಜ್ವರವಿದ್ದಾಗ ಓಡಬಾರದು. ನೂರರಲ್ಲಿ ಒಂದು ಹುದ್ದೆಗಾಗಿ ಇದ್ದೊಂದು ಜೀವವನ್ನು ಪಣಕ್ಕಿಡುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಆದರೆ ನೇಮಕಾತಿಯ ಓಟ ಒಂದು ದಿನದ ಕಷ್ಟ. ನಿಜವಾದ ಪರೀಕ್ಷೆ ಸೇರಿದ ಮೇಲಿನ ಮೂವತ್ತು ವರ್ಷಗಳದು. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗಾಗಿ ಸಿದ್ಧವಾದ 2014ರ ಅಧ್ಯಯನದ ಪ್ರಕಾರ ಠಾಣೆಯ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 90ರಷ್ಟು ಮಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ಹೊರತಂದ ದೇಶವ್ಯಾಪಿ ವರದಿಯು ಸರಾಸರಿ 14 ಗಂಟೆಯೆಂದು ಹೇಳಿತು; ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೂ ಇಲ್ಲ. ದಿನಕ್ಕೆ 14ರಂತೆ ಆರು ದಿನಕ್ಕೆ 84 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವಾರಕ್ಕೆ 55 ಗಂಟೆ ಮೀರಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಸಂಭವ ಶೇಕಡಾ 35ರಷ್ಟೂ, ಹೃದ್ರೋಗದಿಂದ ಸಾಯುವ ಸಂಭವ ಶೇಕಡಾ 17ರಷ್ಟೂ ಹೆಚ್ಚು. 55ರ ಗೆರೆ ಎಲ್ಲಿ, 84 ಎಲ್ಲಿ!

ಇದಕ್ಕೆ ರಾತ್ರಿಪಾಳಿ ಸೇರಿದಾಗ ಇನ್ನೊಂದು ತೊಂದರೆ. ಮನುಷ್ಯನ ದೇಹದಲ್ಲಿ ಬೆಳಕು-ಕತ್ತಲೆಗೆ ಹೊಂದಿಕೊಂಡ ಗಡಿಯಾರವೊಂದಿದೆ. ರಾತ್ರಿ ಎರಡು ಗಂಟೆಗೆ ತಿಂದ ಅನ್ನವನ್ನು ಹಗಲಿನ ಅನ್ನದಂತೆ ಅದು ಅರಗಿಸುವುದಿಲ್ಲ. ರಕ್ತದ ಸಕ್ಕರೆ ಏರಿದ್ದು ಬೇಗ ಇಳಿಯುವುದಿಲ್ಲ. ಪಾಳಿ ಒಂದೇ ಸಮನಾಗಿದ್ದರೆ ದೇಹ ಒಂದಿಷ್ಟು ಒಗ್ಗೀತು. ಇಂದು ಹಗಲು, ನಾಳೆ ರಾತ್ರಿ, ನಾಡಿದ್ದು ಎರಡೂ ಎಂದರೆ ಒಗ್ಗುವುದಾದರೂ ಯಾವುದಕ್ಕೆ? ಸಿಡುಕುತನ, ಹೊಟ್ಟೆಯುರಿ, ಬೊಜ್ಜು, ಮಧುಮೇಹ, ರಕ್ತದೊತ್ತಡಗಳು ಹೀಗೆ ಒಂದರ ಬೆನ್ನಿಗೊಂದು ಬರುತ್ತವೆ. ವಾಹನ ಸಂಚಾರ ವಿಭಾಗದವರಿಗೆ ಹೊಗೆ ಮತ್ತು ಹಾರ್ನಿನ ಸದ್ದು ಹೆಚ್ಚುವರಿ. ಮಹಿಳಾ ಪೊಲೀಸರ ಕಷ್ಟವನ್ನು ಸ್ಪಷ್ಟವಾಗಿಯೇ ಹೇಳಬೇಕು: ಬಂದೋಬಸ್ತಿನ ಜಾಗದಲ್ಲಿ ಶೌಚಾಲಯವಿಲ್ಲವೆಂದು ನೀರು ಕುಡಿಯದೆ ನಿಲ್ಲುವುದರಿಂದ ಮೂತ್ರನಾಳದ ಸೋಂಕು ಮರಳಿ ಮರಳಿ ಬಾಧಿಸುತ್ತದೆ. ನೇಮಕಾತಿಯಲ್ಲಿ ಹೆಂಗಸರಿಗೆ ಶೇಕಡಾ 30ರ ಮೀಸಲಾತಿ ಕೊಟ್ಟ ರಾಜ್ಯ, ನಿಲ್ಲುವ ಜಾಗದಲ್ಲಿ ಒಂದು ಬಾಗಿಲನ್ನೂ ಕೊಡಬೇಕಲ್ಲವೇ?

2016ನೆಯ ಇಸವಿ ಈ ವಿಷಯದಲ್ಲಿ ಮರೆಯಲಾಗದ್ದು. ಆ ವರ್ಷದ ಮೇ ತಿಂಗಳಿನಲ್ಲಿ ಮುಂಬಯಿಯ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿಯ ಪ್ರಯೋಗ ಆರಂಭವಾಯಿತು. ಅದರ ಯೋಜನೆ ಬಂದದ್ದು ಮೇಲಿನಿಂದಲ್ಲ, ಅದೇ ಠಾಣೆಯ ಒಬ್ಬ ಶಿಪಾಯಿಯಿಂದ. ಆಗಿನ ಆಯುಕ್ತ ದತ್ತಾ ಪಡಸಲಗೀಕರ್ ಅವರು ಅದಕ್ಕೆ ಕಿವಿಗೊಟ್ಟರು. 2018ರ ಆರಂಭದಲ್ಲಿ ಅದು ನಗರದ ಇತರ ಠಾಣೆಗಳಿಗೂ ಹಬ್ಬಿತು. ಎಂಟರಂತೆ ಆರು ದಿನಕ್ಕೆ 48 ಗಂಟೆ, ಅಂದರೆ 55ರ ಗೆರೆಯ ಈಚೆ. ಹಬ್ಬ, ಚುನಾವಣೆ, ಸಿಬ್ಬಂದಿಯ ಕೊರತೆಗಳು ಈ ಏರ್ಪಾಡನ್ನು ಹಿಗ್ಗಿಸುತ್ತಲೇ ಇರುತ್ತವೆ. 2020ರ ಕೋವಿಡ್ ಕಾಲದಲ್ಲಂತೂ ಐವತ್ತೈದು ದಾಟಿದವರನ್ನು ಮನೆಯಲ್ಲಿರಿಸಿ ಉಳಿದವರು ಭಾರ ಹೊರಬೇಕಾಯಿತು. ಆ ಏಪ್ರಿಲ್ 14ರಂದು ಬಾಂದ್ರಾ ನಿಲ್ದಾಣದ ಹೊರಗೆ ಊರಿಗೆ ಹೋಗಲು ಸಾವಿರಾರು ವಲಸೆ ಕಾರ್ಮಿಕರು ನೆರೆದಾಗ ಅವರನ್ನು ಚದುರಿಸಲು ಲಾಠಿ ಬೀಸಿದವರೂ ಊರು ಬಿಟ್ಟು ಬಂದ ತಂದೆತಾಯಿಗಳ ಮಕ್ಕಳೇ ಇದ್ದಿರಬಹುದು. ಇಂತಹ ದಿನಗಳ ಭಾರ ದೇಹದ ಮೇಲಲ್ಲ, ಬೇರೆಡೆ ಬೀಳುತ್ತದೆ.

ಅದೇ 2016ರ ಜೂನ್‌ನಲ್ಲಿ ಕರ್ನಾಟಕದಲ್ಲಿ ವೇತನ ಮತ್ತು ರಜೆಗಳಿಗಾಗಿ ಪೊಲೀಸರು ಸಾಮೂಹಿಕ ರಜೆ ಹಾಕುವ ಮಾತು ಎದ್ದಿತು, ಅಷ್ಟೇ ಬೇಗ ಅಡಗಿತು. ಪೊಲೀಸರಿಗೆ ಸಂಘ ಕಟ್ಟುವ ಹಕ್ಕನ್ನು 1966ರ ಕೇಂದ್ರ ಕಾಯಿದೆ ಮಿತಿಗೊಳಿಸಿದೆ. ಮುಂಬಯಿಯ ಹಿರಿಯರಿಗೆ 1982ರ ಆಗಸ್ಟ್ 18 ನೆನಪಿರಬಹುದು. ಪೊಲೀಸರೇ ಬೀದಿಗಿಳಿದ ಆ ದಿನ ಸೈನ್ಯವನ್ನು ಕರೆಸಬೇಕಾಯಿತು. ಬ್ಯಾಂಕಿನ ನೌಕರನಿಗಿರುವಂತೆ ಯೂನಿಯನ್ನಿನ ಆಸರೆ ಈ ಉದ್ಯೋಗದಲ್ಲಿಲ್ಲ. 2016ರ ಜೂನ್‌ನಲ್ಲಿಯೇ ಉಡುಪಿ ಕಡೆಯವರಾದ ಡಿವೈಎಸ್‌ಪಿ ಅನುಪಮಾ ಶೆಣೈ ಅವರು ಕೂಡ್ಲಿಗಿಯಲ್ಲಿದ್ದಾಗ ರಾಜೀನಾಮೆ ಕೊಟ್ಟರು. ಜುಲೈ ಮೊದಲ ವಾರದಲ್ಲಿ ಎರಡೇ ದಿನಗಳ ಅಂತರದಲ್ಲಿ ಕರ್ನಾಟಕದ ಇಬ್ಬರು ಡಿವೈಎಸ್‌ಪಿಗಳು ತಾವಾಗಿಯೇ ಜೀವನ ಕೊನೆಗೊಳಿಸಿಕೊಂಡರೆಂಬ ಸುದ್ದಿ ನಾಡನ್ನು ತಲ್ಲಣಗೊಳಿಸಿತು. ಅಂತಹ ದುರಂತಕ್ಕೆ ಒಂದೇ ಕಾರಣ ಹೇಳಹೊರಡುವುದು ಅವಿವೇಕ. ಆದರೆ ‘ಪೊಲೀಸನಾದವನು ಅಳುಕಬಾರದು’ ಎಂಬ ಮಾತು ಅಳುಕನ್ನು ಕಳೆಯುವುದಿಲ್ಲ, ಅಡಗಿಸುತ್ತದಷ್ಟೆ. ನಿದ್ದೆ ಬಾರದಿರುವುದು, ಇಷ್ಟವಾದುದರಲ್ಲಿ ರುಚಿ ಹೋಗುವುದು, ಕುಡಿತ ಹೆಚ್ಚುವುದು, ಬದುಕು ಬೇಡವೆನಿಸುವುದು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಅಂತರಂಗದ ಶಂಕೆಯನ್ನು ಕುರಿತು ಯೋಚಿಸುವಾಗ ಮಧುಕರ ಶೆಟ್ಟಿಯವರ ನೆನಪು ಬಾರದಿರದು. ‘ಮುಂಗಾರು’ ಪತ್ರಿಕೆಯ ಸಂಪಾದಕ ವಡ್ಡರ್ಸೆ ರಘುರಾಮ ಶೆಟ್ಟರ ಮಗ. 1999ರ ತಂಡದ ಐ.ಪಿ.ಎಸ್. ಅಧಿಕಾರಿ, ಚಿಕ್ಕಮಗಳೂರಿನಲ್ಲಿದ್ದಾಗ ಒತ್ತುವರಿಯಾದ ಭೂಮಿ ಭೂಹೀನರಿಗೆ ಸಿಗುವಂತೆ ನಿಂತವರು, ಲೋಕಾಯುಕ್ತದಲ್ಲಿ ದೊಡ್ಡವರ ಮೇಲೆ ಕೈಯಿಡಲು ಹಿಂಜರಿಯದವರು. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿದ್ದಾಗ 2018ರ ಡಿಸೆಂಬರ್ 28ರಂದು, ಐವತ್ತು ತುಂಬುವ ಮೊದಲೇ, ಎಚ್1ಎನ್1 ಸೋಂಕಿನ ನಂತರದ ತೊಂದರೆಗಳಿಂದ ಅವರು ನಿಧನರಾದರು. ಕಾರ್ಕಳ, ಉಡುಪಿ, ಚಿಕ್ಕಮಗಳೂರುಗಳಲ್ಲಿ ಜನಪ್ರಿಯರಾಗಿದ್ದ ಕೆ. ಅಣ್ಣಾಮಲೈ ಅವರು 2019ರಲ್ಲಿ ಬೆಂಗಳೂರು ದಕ್ಷಿಣದ ಡಿಸಿಪಿಯಾಗಿದ್ದಾಗ ರಾಜೀನಾಮೆ ಸಲ್ಲಿಸಿದರು. ತಮ್ಮ ಬದುಕಿನ ಬಗ್ಗೆ ಮರುಚಿಂತನೆಗೆ ಹಚ್ಚಿದ ಸಂಗತಿಗಳಲ್ಲಿ ಮಧುಕರ ಶೆಟ್ಟಿಯವರ ಸಾವೂ ಒಂದೆಂದು ಅವರು ಪತ್ರದಲ್ಲಿ ತಿಳಿಸಿದ್ದರು. ಮುಂದೆ ಅವರು ಹಿಡಿದ ರಾಜಕೀಯದ ದಾರಿಯ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಒಬ್ಬರು ಎಲ್ಲ ಅಡ್ಡಿಗಳ ನಡುವೆ ಕೊನೆಯವರೆಗೂ ಇದೇ ಸೇವೆಯಲ್ಲಿ ಉಳಿದರು. ಆ ಬದುಕು ಮುಗಿದುದನ್ನು ಕಂಡು ಇನ್ನೊಬ್ಬರು ಹೊರಬಂದರು. ಹತ್ತು ವರ್ಷಗಳ ಸೇವೆಯ ಸಮೀಪದಲ್ಲಿಯೂ ಶಂಕೆ ಮೂಡಬಲ್ಲುದೆಂದ ಮೇಲೆ, ಇಪ್ಪತ್ತೆರಡರ ವಯಸ್ಸಿನಲ್ಲಿ ಅದು ಮೂಡಿದರೆ ನಾಚಿಕೆ ಪಡಬೇಕಾಗಿಲ್ಲ.

ಶಂಕೆಯು ಲಂಚ ಮತ್ತು ರಾಜಕೀಯ ಒತ್ತಡಕ್ಕೆ ಸಂಬಂಧಿಸಿದ್ದಾದರೆ ಅದಕ್ಕೆ ಸುಲಭದ ಸಮಾಧಾನವಿಲ್ಲ. ಪ್ರಕಾಶ್ ಸಿಂಗ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನಿತ್ತಿತು. ಮುಖ್ಯ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಮಂಡಳಿ, ದೂರುಗಳಿಗೆ ಪ್ರಾಧಿಕಾರ ಇತ್ಯಾದಿ. ಮಹಾರಾಷ್ಟ್ರವು 2014ರಲ್ಲಿ ತನ್ನ ಪೊಲೀಸ್ ಕಾಯಿದೆಯನ್ನು ತಿದ್ದಿಕೊಂಡಿತು. ಕಾಗದದ ಮೇಲಿನ ರಕ್ಷಣೆ ಹಿಂದಿಗಿಂತ ಹೆಚ್ಚಿದೆಯೆನ್ನಬಹುದು. ನಡೆಯಲ್ಲಿ ವರ್ಗಾವಣೆಯ ಕತ್ತಿ ತೂಗುತ್ತಲೇ ಇದೆ. ಇತ್ತ ಕರ್ನಾಟಕದಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧಿತರಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವನ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರ ಖಾತೆಗೆ ಖರ್ಚಾಯಿತು?

ಹಾಗಾದರೆ ಶಂಕೆಯಿರುವವರು ಮಾಡುವುದೇನು? ಶಂಕೆ ದೇಹಕ್ಕೆ ಸಂಬಂಧಿಸಿದ್ದಾದರೆ ತಪಾಸಣೆ ಒಂದೇ ವಾರದಲ್ಲಿ ಉತ್ತರ ಕೊಡುತ್ತದೆ. ಮನೆವಾರ್ತೆಗೆ ಸಂಬಂಧಿಸಿದ್ದಾದರೆ, ಒಬ್ಬಳೇ ಅಮ್ಮನನ್ನು ನೋಡಿಕೊಳ್ಳುವವರು ಯಾರು, ದೀಪಾವಳಿಗೆ ಊರಿಗೆ ಹೋಗುವ ಆಸೆ ಬಿಡಬಲ್ಲೆವೇ ಎಂಬುದನ್ನು ಅಡಿಗೆಮನೆಯಲ್ಲಿ ಕುಳಿತು ಎಲ್ಲರೂ ಮಾತಾಡಬೇಕು. ಮದುವೆಯಾಗುವ ಹೆಣ್ಣಿಗೋ ಗಂಡಿಗೋ ಪಾಳಿಯ ವಿಷಯವನ್ನು ಮುಚ್ಚಿಡಬಾರದು. ಮೇಲಿನವರ ತಪ್ಪು ಆಜ್ಞೆಗೆ ‘ಬರೆದು ಕೊಡಿ’ ಎನ್ನುವ ಎದೆಗಾರಿಕೆ ತನಗಿದೆಯೇ ಎಂಬುದನ್ನು ಮಾತ್ರ ಯಾವ ವೈದ್ಯರೂ ಅಳೆಯಲಾರರು. ಅಪರಾಧ ತನಿಖೆಯಲ್ಲಿ ಆಸಕ್ತಿಯಿದ್ದು ಲಾಠಿಯಲ್ಲಿ ಇಲ್ಲದವರಿಗೆ ಬಾಂದ್ರಾದ ನೆರೆಯಲ್ಲಿಯೇ, ಕಲೀನಾದಲ್ಲಿ, ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ರಸಾಯನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಓದಿದವರಿಗೆ ಅದೂ ಒಂದು ದಾರಿ.

ಉಡುಪು ತೊಟ್ಟು ನೋಡಿಯೇ ತೀರ್ಮಾನಿಸಬೇಕೆನ್ನುವವರಿಗೆ ಗೃಹರಕ್ಷಕ ದಳ ಉಂಟು. ಅದು ಹುಟ್ಟಿದ್ದೇ ಮುಂಬಯಿಯಲ್ಲಿ, 1946ರ ಡಿಸೆಂಬರ್ 6ರಂದು. ಇದ್ದ ಓದನ್ನೋ ಉದ್ಯೋಗವನ್ನೋ ಬಿಡದೆ ಸ್ವಯಂಸೇವಕನಾಗಿ ಕವಾಯತು ಕಲಿತು, ಪೊಲೀಸರ ಜೊತೆಯಲ್ಲಿಯೇ ಬಂದೋಬಸ್ತಿಗೆ ನಿಲ್ಲಬಹುದು. ಗಣಪತಿಯ ಹತ್ತು ದಿನ ಹಾಗೆ ನಿಂತವನಿಗೆ ಕಾಲು, ಹೊಟ್ಟೆ, ನಿದ್ದೆ, ಸಿಟ್ಟು ಎಲ್ಲದರ ಪರಿಚಯವೂ ಆಗುತ್ತದೆ. ಶಿಪಾಯಿ ಹುದ್ದೆಗೆ 28, ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ 31, ಐ.ಪಿ.ಎಸ್.ಗೆ 32ರವರೆಗೆ ಸಾಮಾನ್ಯ ವರ್ಗಕ್ಕೂ ವಯೋಮಿತಿಯಿರುವಾಗ, ಇಪ್ಪತ್ತೊಂದು-ಇಪ್ಪತ್ತೆರಡರವರು ಇದಕ್ಕಾಗಿ ಒಂದು ವರ್ಷ ತೆಗೆದಿಟ್ಟರೂ ಕೈಯಲ್ಲಿ ಇನ್ನೂ ಐದಾರು ವರ್ಷವಾದರೂ ಉಳಿದಿರುತ್ತದೆ.